ದುರ್ಬೀನು ವಾಲಿದ ಕಡೆ

ನಮ್ಮೂರಿನಲ್ಲಿ ಒಂಟಿ ಚಪ್ಪಲಿ ಹಿಡಿದುಕೊಂಡು ಪೇಚಾಡುವವರನ್ನು ನಾನು ಈವರೆಗೆ ಕಂಡಿಲ್ಲ. ಉಳಿದ ಚಪ್ಪಲಿಗೆ ನೂಲು ಕಟ್ಟಿ ತೂಗಬಿಟ್ಟರೆ ಅದು ಒಂದೆರಡು ಸುತ್ತು ಬಂದು, ಕಳೆದುಹೋದದ್ದು ಎತ್ತ ಇದೆಯೋ ಅತ್ತ ಮೂತಿ ಮಾಡಿ ನಿಲ್ಲುತ್ತದೆ. ಅತ್ತ ನಡೆದರಾಯಿತು. ಒಂದೇ ಕೈಯಲ್ಲಿ, ಒಂದೇ ಮಣೆಯ ಮೇಲೆ ಹುಟ್ಟಿದ ವಸ್ತುಗಳು ಇಲ್ಲಿ ಒಂದನ್ನೊಂದು ಮರೆಯುವುದಿಲ್ಲ. ಅದಕ್ಕೆ ಇಲ್ಲಿಯವರು ವಾಲುವುದು ಎನ್ನುತ್ತಾರೆ.

ನಾನು ಹೊರಗಿನಿಂದ ಬಂದ ಸೊಸೆ. ಬಂದ ಹೊಸದರಲ್ಲಿ ನನ್ನ ತವರಿನ ಹಿತ್ತಾಳೆ ತಂಬಿಗೆಯನ್ನು ಎಲ್ಲಿಟ್ಟರೂ ಅದು ಮೂಡಣ ಗೋಡೆಯ ಕಡೆಗೆ ಜಾರುತ್ತಿತ್ತು. ಅದರ ಜೊತೆಯವು ನಮ್ಮಮ್ಮನ ಅಡುಗೆಮನೆಯಲ್ಲಿದ್ದವು. ಎರಡು ಸಲ ಕೆಳಗೆ ಬಿದ್ದು ಸೊಟ್ಟಗಾದ ಮೇಲೆ ನಮ್ಮತ್ತೆ, "ನೀನೂ ಹಿಂಗೇ ಜಾರ್ಕೊಂಡು ಹೋಗ್ಬೇಡ ಕಣಮ್ಮ" ಎಂದು ನಕ್ಕು, ಬಡಗಿಯನ್ನು ಕರೆಸಿ ಹಲಗೆಯ ಅಂಚಿಗೊಂದು ಪಟ್ಟಿ ಹೊಡೆಸಿದರು. ಈ ಊರಿನ ಹಲಗೆಗಳಿಗೆಲ್ಲ ಅಂಥ ಪಟ್ಟಿ ಇರುತ್ತದೆ. ಯಾರೂ ಅದನ್ನು ವಿಶೇಷವೆಂದುಕೊಳ್ಳುವುದಿಲ್ಲ.

ಊರ ನಡುವೆ ನೂಲುಕಟ್ಟೆ ಇದೆ. ಕಲ್ಲಿನ ಕಟ್ಟೆ, ಮೇಲೊಂದು ತೊಲೆ, ತೊಲೆಗೊಂದು ಕಬ್ಬಿಣದ ಬಳೆ. ಯಾವುದು ಯಾರದು ಎಂಬ ತಕರಾರು ಎದ್ದರೆ ವಸ್ತುವನ್ನು ಅಲ್ಲಿಗೆ ತರಬೇಕು. ಊರಿನ ನೂಲು ಹಿಡಿಯುವ ಮುದ್ದಮ್ಮಜ್ಜಿ ಅದಕ್ಕೆ ನೂಲು ಕಟ್ಟುತ್ತಾಳೆ, ವಸ್ತು ತಿರುಗಿ ನಿಲ್ಲುತ್ತದೆ, ತಕರಾರು ಮುಗಿಯುತ್ತದೆ. ವಕೀಲರೊಬ್ಬರು ಇಲ್ಲಿ ಬೋರ್ಡು ಹಾಕಿ, ವರ್ಷ ತುಂಬುವುದರೊಳಗೆ ಬೋರ್ಡು ಕಿತ್ತುಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ. ಕಳ್ಳನನ್ನಾದರೂ ಈ ಊರು ಹೊಟ್ಟೆಪಾಡು ಎಂದು ಬಿಟ್ಟುಬಿಡುತ್ತದೆ, ಜೋಡಿ ಅಗಲಿಸಿದವನನ್ನು ಬಿಡುವುದಿಲ್ಲ. ಅವನಿಗೆ ಜೋಡಿಮುರುಕ ಎಂದು ಹೆಸರು. ಅವನ ಮನೆಯ ಹೆಸರು ಹೇಳಿ ಮುದ್ದಮ್ಮಜ್ಜಿ ಒಂದು ನೂಲು ಕಡಿದಳೆಂದರೆ, ಆ ಮನೆಗೆ ಯಾರೂ ಒಂದು ಲೋಟ ಮಜ್ಜಿಗೆ ಕೊಡುವಂತಿಲ್ಲ, ಆ ಮನೆಯಿಂದ ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳುವಂತಿಲ್ಲ.

ಇಂಥ ಊರಿಗೆ ಜಪಾನಿನ ದುರ್ಬೀನುಗಳು ಬಂದದ್ದು ಒಬ್ಬ ವ್ಯಾಪಾರಿಯ ಎಡವಟ್ಟಿನಿಂದ. ನಮ್ಮ ಮಾವನವರ ಕಾಲದ ಮಾತು. ಕುದುರೆ ಜೂಜು ನೋಡುವವರಿಗೆಂದು ಕೊರಳಿಗೆ ನೇತುಹಾಕಿಕೊಳ್ಳುವ ಪುಟ್ಟ ದುರ್ಬೀನುಗಳನ್ನು ತರಿಸಲು ಹೊರಟವನಿಗೆ, ಗಜದುದ್ದದ ಬಿಳಿ ಕೊಳವೆಗಳು, ಮರದ ಮೂರು ಕಾಲುಗಳ ಸಮೇತ, ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದಿಳಿದವಂತೆ. ಚಂದ್ರನನ್ನು ನೋಡುವ ದುರ್ಬೀನುಗಳು. ವಾಪಸು ಕಳಿಸಲಾರದೆ ಆತ ಮನೆ ಮನೆಗೆ ಮಾರಿದ. ಮೊದಲ ಬೇಸಿಗೆಯಲ್ಲಿ ಊರಿಗೆ ಊರೇ ಚಂದ್ರನ ಗುಳಿಗಳನ್ನು ನೋಡಿತು. ಆಮೇಲೆ ಪೆಟ್ಟಿಗೆಗಳು ಅಟ್ಟ ಸೇರಿದವು. ಮೂರು ಕಾಲಿನ ಮೇಲೆ ತುಳಸಿ ಕುಂಡ ಇಟ್ಟವರಿದ್ದಾರೆ, ಕೊಳವೆಯಲ್ಲಿ ಪೊರಕೆಕಡ್ಡಿ ತುಂಬಿಟ್ಟವರಿದ್ದಾರೆ.

ನಮ್ಮ ಮನೆಯವರು, ಪದ್ಮರಾಜಯ್ಯನವರು, ಅವನ್ನು ಒಂದೊಂದಾಗಿ ಅಟ್ಟದಿಂದ ಇಳಿಸತೊಡಗಿದರು. ಇವರದು ಪಾತ್ರೆ ಅಂಗಡಿ. ಮದುವೆ ಮುಂಜಿಗೆಂದು ಕೊಂಡ ಪಾತ್ರೆಗಳ ಮೇಲೆ ಹೆಸರು ಕೆತ್ತಿ ಕೆತ್ತಿ, ಸಾಸಿವೆಯಷ್ಟು ಗುರುತನ್ನೂ ಬಿಡದೆ ಓದುವ ಕಣ್ಣು ಇವರದು. ಯಾರಿಗೂ ಬೇಡವಾದ ದುರ್ಬೀನುಗಳನ್ನು ತಂದು ನಡುಮನೆಯ ತುಂಬ ನಿಲ್ಲಿಸಿದರು. ಬೇಕೆಂದವರಿಗೆ ಸುಮ್ಮನೆ ರಿಪೇರಿ ಮಾಡಿಕೊಟ್ಟರು. ಮಸೂರದ ಬೂಷ್ಟು ಒರೆಸುವುದು, ಗಟ್ಟಿಯಾದ ಗ್ರೀಸನ್ನು ಕೆರೆದು ಹೊಸದು ಹಚ್ಚುವುದು, ಕಾಲಿನ ತಿರುಪು ಹುಡುಕಿ ಕೂಡಿಸುವುದು. ನೆಂಟರು ಬಂದರೆ ಕೂರಲು ಜಾಗವಿಲ್ಲ. ನಾನು ಗೊಣಗುತ್ತಿದ್ದೆ, ಇವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಧೂಳು ಒರೆಸುವಾಗ ಒಂದು ಕಾಲು ಅಲುಗಿದರೂ ಇನ್ನೊಂದು ಕೋಣೆಯಿಂದ "ಚೂಡಾ, ಮೆಲ್ಲಗೆ" ಎನ್ನುತ್ತಿದ್ದರು.

ದುರ್ಬೀನೆಂದರೆ ನನಗೆ ಒಂದೇ ವಸ್ತು. ಇವರಿಗೆ ಹಾಗಲ್ಲ. ನೋಡುವ ಕೊಳವೆ ಬೇರೆ. ಮೂರು ಕಾಲಿನ ನೆತ್ತಿಯ ಮೇಲೆ ಕೂತು ಆ ಕೊಳವೆಯನ್ನು ಹಿಡಿದು ಬೇಕಾದ ಕಡೆ ತಿರುಗಿಸುವ ಕಬ್ಬಿಣದ ಮೌಂಟು ಬೇರೆ. ಒಂದು ಸಂಜೆ ನನ್ನನ್ನು ಕರೆದು ಭೂತಗನ್ನಡಿ ಕೈಗಿಟ್ಟರು. ಇವರು ಎಲ್ಲಕ್ಕಿಂತ ಹೆಚ್ಚು ಇಷ್ಟಪಡುತ್ತಿದ್ದ ದುರ್ಬೀನು ಅದು. ಕೊಳವೆಯ ಮೇಲೆ ಚಿನ್ನದ ಬಣ್ಣದಲ್ಲಿ ದಪ್ಪಕ್ಷರದ ಹೆಸರಿತ್ತು.

"ಆ ಹೆಸರು ಮಾರಿದವನದು. ಅದನ್ನ ಬಿಡು. ನೋಟ ಸ್ಪಷ್ಟ ಮಾಡೋಕೆ ತಿರುಗಿಸ್ತೀವಲ್ಲ, ಈ ಬಿಲ್ಲೆ ಕೆಳಗೆ ನೋಡು, ಎಳ್ಳಿನಷ್ಟು ಒಂದು ಗುರುತು."

ನೋಡಿದೆ. ವೀಳ್ಯದೆಲೆಯ ಆಕಾರದ ಗೆರೆ.

"ಈಗ ಮೌಂಟಿನ ತಳ ನೋಡು."

ಅಲ್ಲೊಂದು ಮೀನಿತ್ತು, ಅಷ್ಟೇ ಸಣ್ಣದು.

"ಕೊಳವೆ ಎಲೆಯವನ ಕೈಕೆಲಸ, ಮೌಂಟು ಮೀನಿನವನದು. ಇಬ್ಬರ ಕಾರ್ಖಾನೆಯೂ ಬೇರೆ ಬೇರೆ. ಮಾರೋನು ಎರಡನ್ನೂ ತರಿಸಿ, ಒಂದು ಪೆಟ್ಟಿಗೆಗೆ ಹಾಕಿ, ಮೇಲೆ ತನ್ನ ಹೆಸರು ಬರೆದ."

"ಹಾಗಾದ್ರೆ ಇವೆರಡೂ ಜೋಡಿ ಅಲ್ವಾ?"

ಇವರು ಹೋಗಿ ಬೀದಿ ಬಾಗಿಲು ಮುಂದಕ್ಕೆ ತಳ್ಳಿ ಬಂದರು. "ಈ ಮಾತು ಹೊಸಲು ದಾಟಬಾರದು. ಊರಲ್ಲಿರೋ ದುರ್ಬೀನು ಮುಕ್ಕಾಲು ಪಾಲು ನನ್ನ ಕೈಮೇಲೆ ಹೋಗಿದೆ. ಎಲ್ಲಾದೂ ಹಿಂಗೇ. ಇದು ಗೊತ್ತಾದ್ರೆ ನಮ್ಮನೇದನ್ನ ಯಾರು ಬದಲಾಯಿಸಿದ್ರು ಅಂತ ಅಣ್ಣ ತಮ್ಮನ್ನ ಕೇಳ್ತಾನೆ, ಅತ್ತೆ ಸೊಸೆನ ಕೇಳ್ತಾಳೆ. ಪೆಟ್ಟಿಗೇಲಿ ತಣ್ಣಗೆ ಮಲಗಿರೋದನ್ನ ಯಾಕೆ ಎಬ್ಬಿಸ್ಬೇಕು?"

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಟ್ಟದ ಮೇಲಿನ ದುರ್ಬೀನಿಗೆ ನೂಲು ಕಟ್ಟಿ ನೋಡುವ ಪುರುಸೊತ್ತು ಯಾರಿಗಿದೆ ಎಂದುಕೊಂಡಿದ್ದೆ.

ಪುರುಸೊತ್ತಾದದ್ದು ದೊರೆಸ್ವಾಮಿಗೆ. ಹಿಟ್ಟಿನ ಗಿರಣಿಯ ದೊರೆಸ್ವಾಮಿ ಎಂದರೆ ಕೂದಲಿಗೂ ಹುಬ್ಬಿಗೂ ಸದಾ ಹಿಟ್ಟು ಮೆತ್ತಿಕೊಂಡೇ ಇರುವ ಮನುಷ್ಯ, ನಮ್ಮ ಹಿಂದಿನ ಬೀದಿಯವನು. ಮಗಳಿಗೆ ಸಂಬಂಧ ಗೊತ್ತಾಗಿತ್ತು. ಆಗುವ ಅಳಿಯ ಆಕಾಶ ನೋಡುವ ಹುಚ್ಚಿನವನೆಂದು ತಿಳಿದು, ತನ್ನ ಮನೆಯ ದುರ್ಬೀನನ್ನು ಕೊಡೋಣವೆಂದು ಇವರ ಹತ್ತಿರ ತಂದು ಚೊಕ್ಕ ಮಾಡಿಸಿಕೊಂಡು ಹೋಗಿದ್ದ. ನಮ್ಮಲ್ಲಿ ಏನನ್ನಾದರೂ ಕೊಡುವ ಮುಂಚೆ, ಪಡೆಯುವವರ ಎದುರಿಗೇ ತೂಗಿ ತೋರಿಸಬೇಕು, ಇದು ಪೂರ್ತಿಯಾಗಿದೆ, ಇದರ ಭಾಗ ಎಲ್ಲಿಯೂ ಉಳಿದಿಲ್ಲ ಎಂದು. ಬೀಗರ ಮುಂದೆ ದೊರೆಸ್ವಾಮಿ ಕೊಳವೆಗೆ ನೂಲು ಕಟ್ಟಿದ. ಪಕ್ಕದಲ್ಲೇ ಮೌಂಟು ಇತ್ತು. ಕೊಳವೆ ಅದಕ್ಕೆ ಬೆನ್ನು ಮಾಡಿ, ನಿಧಾನವಾಗಿ ತಿರುಗಿ, ನಮ್ಮ ಮನೆಯ ಕಡೆಗೆ ಮೂತಿ ಇಟ್ಟು ನಿಂತಿತಂತೆ. ಬೀಗರು ಎಲೆಯಡಿಕೆಯನ್ನೂ ಮುಟ್ಟದೆ ಎದ್ದುಹೋದರು.

ದೊರೆಸ್ವಾಮಿ ನೂಲು ಹಿಡಿದುಕೊಂಡೇ ನಾಲ್ಕಾರು ಜನರ ಜೊತೆ ನಮ್ಮ ಮನೆಗೆ ಬಂದ. ಕೊಳವೆ ಬಾಗಿಲು ದಾಟಿ, ನಡುಮನೆಯಲ್ಲಿದ್ದ ಅಷ್ಟೂ ದುರ್ಬೀನುಗಳ ನಡುವೆ ಇವರು ಇಷ್ಟಪಡುತ್ತಿದ್ದ ಅದೊಂದರ ಕಡೆಗೇ ವಾಲಿತು.

"ಪದ್ಮರಾಜಯ್ಯನೋರೆ, ನಿಮ್ಮ ಹತ್ರ ಬರೋ ಗಂಟ ಇದು ಅಟ್ಟದಿಂದ ಇಳಿದಿರಲಿಲ್ಲ" ಎಂದ ದೊರೆಸ್ವಾಮಿ. ಕೂಗಾಡುತ್ತಾನೆಂದುಕೊಂಡಿದ್ದೆ, ಅವನು ಅಳುತ್ತಿದ್ದ. "ನನ್ನ ಮೌಂಟನ್ನ ಇಟ್ಕೊಂಡು ಬೇರೇದು ಕೂರಿಸಿಕೊಟ್ರಲ್ಲ. ಬೇಕು ಅಂದಿದ್ರೆ ಸುಮ್ನೆ ಕೊಡ್ತಿದ್ನಲ್ಲ. ನನ್ನ ಮಗಳ ಮದುವೆ ನಿಂತೋಗ್ತದಲ್ಲ ಸ್ವಾಮಿ."

"ನಾನು ಬದಲಾಯಿಸಿಲ್ಲ ದೊರೆಸ್ವಾಮಿ" ಎಂದರು ಇವರು.

ಮರುದಿನ ಬೆಳಿಗ್ಗೆ ನೂಲುಕಟ್ಟೆಗೆ ಕರೆ ಬಂತು. ಹೊರಡುವ ಮುಂಚೆ ನಾನು ಅಂಗಲಾಚಿದೆ. "ಎಲೆ, ಮೀನು ತೋರಿಸಿಬಿಡಿ. ಹತ್ತು ಜನರ ಎದುರಿಗೆ ಭೂತಗನ್ನಡಿ ಕೊಟ್ಟು ತೋರಿಸಿ."

"ತೋರಿಸಿದ್ರೆ ನಾನೊಬ್ಬ ಪಾರಾಗ್ತೀನಿ. ಆಮೇಲೆ?"

"ಆಮೇಲಿಂದು ಆಮೇಲೆ."

"ಆಮೇಲೆ ಊರೆಲ್ಲ ಒಬ್ಬರ ಮುಖ ಒಬ್ಬರು ನೋಡ್ದಂಗಾಗತ್ತೆ. ನೀನು ಮಾತು ಕೊಟ್ಟಿದ್ದೀಯ ಚೂಡಾ" ಎಂದು ಇವರು ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಸಾಧು ಮನುಷ್ಯನ ಜೊತೆ ಸಂಸಾರ ಮಾಡುವ ಕಷ್ಟ ಮಾಡಿದವರಿಗೇ ಗೊತ್ತು.

ಕಟ್ಟೆಯ ಸುತ್ತ ಜನ ಕಿಕ್ಕಿರಿದಿದ್ದರು. ದೊರೆಸ್ವಾಮಿಯ ಮೌಂಟನ್ನು ಕಟ್ಟೆಯ ಎಡಕ್ಕಿಟ್ಟರು. ಬಲಕ್ಕೆ ಇವರು ತಮ್ಮ ದುರ್ಬೀನನ್ನು ನಿಲ್ಲಿಸಿದರು. ಕಾಲು ಬಿಡಿಸಿ, ಮೌಂಟು ಕೂಡಿಸಿ, ಅದರ ಮೇಲೆ ಕೊಳವೆ ಏರಿಸಿ, ಪೂಜೆಗೆ ಕೂರಿಸುವ ಹಾಗೆ ಅಚ್ಚುಕಟ್ಟಾಗಿ ನಿಲ್ಲಿಸಿದರು. ತಮ್ಮ ಮೇಲಿನ ಆಪಾದನೆಗೆ ತಾವೇ ಮಂಟಪ ಸಿಂಗರಿಸುವ ಗಂಡಸನ್ನು ನೋಡಿ ನನಗೆ ಸಿಟ್ಟು, ದುಃಖ ಎರಡೂ ಬಂದವು. ಮುದ್ದಮ್ಮಜ್ಜಿ ದೊರೆಸ್ವಾಮಿಯ ಕೊಳವೆಯ ನಡುವಿಗೆ ನೂಲು ಕಟ್ಟಿ ಬಳೆಗೆ ತೂಗಬಿಟ್ಟಳು. ಅದು ಅತ್ತಿತ್ತ ಆಡಿತು. ಎಡಕ್ಕಿದ್ದ ಮೌಂಟನ್ನು ದಾಟಿಕೊಂಡು ಹೋಯಿತು. ಬಲಕ್ಕೆ ತಿರುಗಿ, ಇವರ ದುರ್ಬೀನಿನ ಕಡೆಗೆ ನೆಟ್ಟಗೆ ನಿಂತಿತು.

ಜನರ ಬಾಯಿಂದ ಒಂದು ಉಸಿರು ಹೊರಬಿತ್ತು.

"ಪದ್ಮರಾಜಪ್ಪ, ನಿನ್ನ ಕೈಯಿಂದ ಹೆಸರು ಕೆತ್ತಿಸದ ಮನೆ ಈ ಊರಲ್ಲಿಲ್ಲ" ಎಂದಳು ಮುದ್ದಮ್ಮಜ್ಜಿ. ಅವಳಿಗೂ ಸಂಕಟವಾಗಿತ್ತು. "ಏನಾದ್ರೂ ಹೇಳಾದಿದ್ರೆ ಹೇಳಪ್ಪ. ನೂಲು ಹೇಳದ್ದನ್ನ ನೀನು ಹೇಳು."

"ನಾನು ಬದಲಾಯಿಸಿಲ್ಲ" ಎಂದರು ಇವರು, ಮತ್ತೆ ಅಷ್ಟೇ.

ಅಜ್ಜಿ ಸೊಂಟದ ಚೀಲದಿಂದ ಬಿಳಿ ನೂಲೊಂದನ್ನು ತೆಗೆದು ಎರಡು ಕೈಯಲ್ಲಿ ಎಳೆದು ಹಿಡಿದಳು. ಇವರು ನೂಲನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಬೇಡ ಎಂದು ಆ ಕಣ್ಣು ಹೇಳುತ್ತಿತ್ತು. ಇನ್ನು ಮುಂದೆ ಯಾರೂ ಇವರ ಅಂಗಡಿಯ ಪಾತ್ರೆ ಕೊಳ್ಳುವುದಿಲ್ಲ, ಯಾರೂ ಒಂದು ದುರ್ಬೀನನ್ನು ಇವರ ಕೈಗೆ ಕೊಡುವುದಿಲ್ಲ ಎಂಬುದು ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಬೀದಿಯಲ್ಲಿ ಇವರು ನಡೆದು ಹೋಗುವಾಗ ಜೋಡಿಮುರುಕ ಬಂದ ಎಂದು ಜನ ಸರಿದು ನಿಲ್ಲುವುದನ್ನು ನೆನೆದೆ. ಕೊಟ್ಟ ಮಾತನ್ನು ಅಲ್ಲೇ ಮುರಿದೆ.

"ನಿಲ್ಸಜ್ಜಿ!" ಎಂದೆ. ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೂ ಗೊತ್ತಿರಲಿಲ್ಲ. "ಆ ಕೊಳವೆ ಬಲಕ್ಕೆ ತಿರುಗ್ತು, ನಿಜ. ಬಲಗಡೆ ಇರೋದು ಒಂದಲ್ಲ, ಎರಡು. ಮೌಂಟನ್ನೂ ಕೊಳವೇನೂ ಬೇರೆ ಬೇರೆ ಇಟ್ಟು ಕೇಳಿ."

"ಚೂಡಾ" ಎಂದರು ಇವರು ಮೆಲ್ಲಗೆ.

"ಹೊರಗಿನಿಂದ ಬಂದವಳು, ಇವಳಿಗೇನು ಗೊತ್ತು ನೂಲಿನ ವಿಷಯ?" ಎಂದಿತು ಗುಂಪಿನಿಂದ ಒಂದು ದನಿ.

"ಹೊರಗಿನವಳಾದ್ದರಿಂದಲೇ ಕೇಳ್ತಿದ್ದೀನಿ. ನೂಲು ಸುಳ್ಳು ಹೇಳಲ್ಲ ಸರಿ. ನೀವು ಕೇಳಿದ್ದು ಸರಿ ಇದೆಯಾ?"

ಮುದ್ದಮ್ಮಜ್ಜಿ ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಕೈಯಲ್ಲಿದ್ದ ನೂಲನ್ನು ಚೀಲಕ್ಕೆ ಹಾಕಿ, "ಬಿಚ್ಚಿ" ಎಂದಳು. ಇವರು ಅಲುಗಲಿಲ್ಲ. ದೊರೆಸ್ವಾಮಿಯೇ ಮುಂದೆ ಬಂದು ತಿರುಪು ಸಡಿಲಿಸಿ, ನಮ್ಮ ಕೊಳವೆಯನ್ನು ಇಳಿಸಿ ಕಟ್ಟೆಯ ಒಂದು ತುದಿಗೂ, ಮೌಂಟನ್ನು ಇನ್ನೊಂದು ತುದಿಗೂ ಇಟ್ಟ. ಮೇಲೆ ತೂಗುತ್ತಿದ್ದ ಅವನ ಕೊಳವೆ ಆಗಲೇ ತಿರುಗತೊಡಗಿತ್ತು. ನಮ್ಮ ಮೌಂಟಿನ ಕಡೆ ತಿರುಗಿಯೂ ನೋಡಲಿಲ್ಲ. ನಮ್ಮ ಕೊಳವೆಯನ್ನೇ ಹುಡುಕಿಕೊಂಡು ಹೋಗಿ ನಿಂತಿತು. ಅಜ್ಜಿ ಅದನ್ನು ಇಳಿಸಿ ನಮ್ಮ ಮೌಂಟಿಗೆ ನೂಲು ಕಟ್ಟಿದಳು. ಅದು ದೊರೆಸ್ವಾಮಿಯ ಮೌಂಟಿನ ಕಡೆಗೆ ವಾಲಿತು.

ನಾನು ಎಲೆ, ಮೀನು ಎಲ್ಲ ಹೇಳಿದೆ. ಎಲೆಯವನ ಮಣೆಯ ಮೇಲೆ ಒಂದೇ ದಿನ ಹುಟ್ಟಿದ ಎರಡು ಕೊಳವೆ, ಮೀನಿನವನ ಮಣೆಯ ಮೇಲೆ ಹುಟ್ಟಿದ ಎರಡು ಮೌಂಟು. ಯಾರೂ ಏನನ್ನೂ ಬದಲಾಯಿಸಿಲ್ಲ. ಪೆಟ್ಟಿಗೆ ಕಟ್ಟಿದ ದಿನದಿಂದಲೂ ಇದು ಹೀಗೇ.

ದೊರೆಸ್ವಾಮಿ ಇವರ ಕಾಲಿಗೆ ಬೀಳಲು ಬಂದ, ಇವರು ಹಿಡಿದೆತ್ತಿದರು. ಅಷ್ಟರಲ್ಲಿ ಗುಂಪಿನಲ್ಲಿ ಯಾರೋ, "ಹಂಗಾದ್ರೆ ನಮ್ಮನೇದು?" ಎಂದರು. ಇವರು ಕಣ್ಣು ಮುಚ್ಚಿಕೊಂಡರು. ನೋಡು ನೋಡುತ್ತಿದ್ದಂತೆ ಕಟ್ಟೆ ಖಾಲಿಯಾಯಿತು.

ಆ ವಾರ ಊರು ಊರಾಗಿರಲಿಲ್ಲ. ಎಲ್ಲ ಅಟ್ಟಗಳಿಂದಲೂ ಪೆಟ್ಟಿಗೆಗಳಿಳಿದವು. ನೂಲಿಗೆ ತೂಗುವ ಕೊಳವೆ ಹಿಡಿದು ಜನ ಬೀದಿ ಬೀದಿ ಅಲೆದರು, ಯಾರದೋ ಊಟದ ಮನೆಗೆ ನುಗ್ಗಿದರು, ಯಾರದೋ ಬಚ್ಚಲಲ್ಲಿ ನಿಂತರು. ನಗುವಂಥದ್ದೂ ಇತ್ತು, ಎಲ್ಲವೂ ನಗುವಂಥದ್ದಾಗಿರಲಿಲ್ಲ. ನಾನು ಹೇಳಿದ ಎಲೆ, ಮೀನಿನ ಮಾತು ಕೆಲವರ ತಲೆಗೆ ಹೋಯಿತು, ಕೆಲವರ ತಲೆಗೆ ಹೋಗಲೇ ಇಲ್ಲ. ನಮ್ಮ ಎದುರು ಮನೆಯ ಅಣ್ಣತಮ್ಮಂದಿರು ಒಬ್ಬರ ಮೌಂಟನ್ನು ಒಬ್ಬರು ಕಿತ್ತುಕೊಂಡು, ಅದೇ ನೆಪದಲ್ಲಿ ಹಳೆಯದನ್ನೆಲ್ಲ ಕೆದಕಿ, ನಡುವೆ ಗೋಡೆ ಎಬ್ಬಿಸಿದರು. ಆ ಗೋಡೆ ಇಂದಿಗೂ ಇದೆ. ಇವರು ಹೇಳಿದ್ದು ಹೇಳಿದಂತೆಯೇ ಆಯಿತು.

ಇವರು ಭೂತಗನ್ನಡಿ ಹಿಡಿದು ಮನೆ ಮನೆಗೂ ಹೋಗಿ, ಗುರುತು ತೋರಿಸಿ, ಸಮಾಧಾನ ಹೇಳಿ ಬಂದರು. ಬೆಳಿಗ್ಗೆ ಹೋದರೆ ಊಟಕ್ಕೆ ಬರುವುದು, ಉಂಡು ಮತ್ತೆ ಹೋಗುವುದು. ನನ್ನ ಜೊತೆ ಮಾತಿಲ್ಲ. ಸಾರು ಬೇಕಾದರೆ ಲೋಟವನ್ನು ಸ್ವಲ್ಪ ಮುಂದೆ ತಳ್ಳುತ್ತಿದ್ದರು. ನಾನೂ ಬಾಯಿಗೆ ಬೀಗ ಹಾಕಿಕೊಂಡು ಬಡಿಸಿದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೊನೆಗೆ ಮುದ್ದಮ್ಮಜ್ಜಿಯ ಮನೆಯ ಅಟ್ಟದಲ್ಲೂ ಒಂದು ಪೆಟ್ಟಿಗೆ ಸಿಕ್ಕಿತು. ಅವಳ ಕೊಳವೆ ಅವಳ ಮೌಂಟನ್ನು ಬಿಟ್ಟು ದೊರೆಸ್ವಾಮಿಯ ಗಿರಣಿಯ ಕಡೆ ವಾಲಿತು. ಊರಿನ ನೂಲು ಹಿಡಿಯುವವಳ ಮನೆಯಲ್ಲೇ ಹೀಗಾದ ಮೇಲೆ ಯಾರ ಹೆಸರಿನ ನೂಲು ಕಡಿಯುವುದು? ಅಜ್ಜಿ ಎಲ್ಲರನ್ನೂ ಕಟ್ಟೆಗೆ ಕರೆಸಿದಳು. ಜೊತೆಗೆ ಹುಟ್ಟಿದ್ದನ್ನು ಒಂದೇ ಮನೆಯಲ್ಲಿಡಬೇಕೆಂಬುದು ನಮ್ಮ ಕಟ್ಟಳೆ. ಹಾಗೆ ಮಾಡಲು ಹೊರಟರೆ ಒಬ್ಬರ ಮನೆಯಲ್ಲಿ ಕೊಳವೆಗಳ ರಾಶಿ, ಇನ್ನೊಬ್ಬರ ಮನೆಯಲ್ಲಿ ಮೌಂಟುಗಳ ರಾಶಿ, ಚಂದ್ರನನ್ನು ನೋಡುವವರು ಯಾರೂ ಇಲ್ಲ. ಅಜ್ಜಿ ಬಹಳ ಹೊತ್ತು ಎಲೆಯಡಿಕೆ ಜಗಿದಳು.

"ಒಂದೇ ಪೆಟ್ಟಿಗೇಲಿ ಇಷ್ಟು ಕಾಲ ಬಾಳಿದ್ದು ಜೋಡಿನೇ ಕಣ್ರಪ್ಪ" ಎಂದಳು. "ದುರ್ಬೀನಿಗೆ ಇನ್ಮೇಲೆ ನೂಲು ಕಟ್ಟಂಗಿಲ್ಲ. ಯಾವುದು ಯಾವ ಪೆಟ್ಟಿಗೇಲಿತ್ತು ಅಂತ ಕೇಳಿ, ಸಾಕು."

ಅವಳು ಹೀಗೆಂದ ಮೇಲೆ ಬೀಗರೂ ಮೆತ್ತಗಾದರು. ದೊರೆಸ್ವಾಮಿಯ ಮಗಳ ಮದುವೆಗೆ ದಿನ ಗೊತ್ತಾಯಿತು.

ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ದೊರೆಸ್ವಾಮಿ ತನ್ನ ಪೆಟ್ಟಿಗೆ ಹೊತ್ತುಕೊಂಡು ನಮ್ಮ ಗೇಟಿನ ಹೊರಗೆ ನಿಂತಿದ್ದ. ಒಳಗೆ ಬರಲು ಅವನಿಗೆ ಮುಖವಿರಲಿಲ್ಲ.

"ಬಾರಯ್ಯ, ಅಲ್ಲೇ ನಿಂತು ಏನ್ ಮಾಡ್ತೀಯ" ಎಂದರು ಇವರು.

"ಅಳಿಯನಿಗೆ ಕೊಡೋಕೆ ಮುಂಚೆ ಒಂದ್ಸಲ ನಾನೂ ನೋಡ್ಬೇಕು ಅಂತ ಸ್ವಾಮಿ. ಇಷ್ಟು ವರ್ಷ ಮನೇಲಿತ್ತು, ಒಂದಿನ ಬಗ್ಗಿ ನೋಡಲಿಲ್ಲ."

ಅಂಗಳದಲ್ಲಿ ಎರಡು ದುರ್ಬೀನುಗಳನ್ನೂ ಪಕ್ಕ ಪಕ್ಕ ನಿಲ್ಲಿಸಿದರು. ತೆಂಗಿನ ಗರಿಗಳ ಮೇಲೆ ಎಳೆ ಚಂದ್ರ ಆಗಲೇ ಕಾಣುತ್ತಿದ್ದ. ನಾನು ಒಳಗೆ ಕಾಫಿಗಿಟ್ಟು ಕಿಟಕಿಯಿಂದ ನೋಡುತ್ತಿದ್ದೆ. ಇವರು ಒಂದನ್ನು ಚಂದ್ರನಿಗೆ ಹಿಡಿದರೆ, ಅದು ಮೆಲ್ಲನೆ ಪಕ್ಕದ ಕೊಳವೆಯ ಕಡೆಗೆ ಸರಿಯುತ್ತಿತ್ತು. ಅದನ್ನು ಸರಿಮಾಡುವಷ್ಟರಲ್ಲಿ ಇನ್ನೊಂದು ಸರಿಯುತ್ತಿತ್ತು. ದೊರೆಸ್ವಾಮಿಯದನ್ನು ದೊರೆಸ್ವಾಮಿಯೇ ತಬ್ಬಿ ಹಿಡಿದು, ಹಿಟ್ಟಿನ ಕೈಯಿಂದ ಕೊಳವೆಯ ತುಂಬ ಬೆರಳಚ್ಚು ಮೂಡಿಸಿದ. ಇವರಿಗೆ ಒಂದು ಕೈಯಲ್ಲಿ ತಮ್ಮ ಕೊಳವೆ ಹಿಡಿದು ಇನ್ನೊಂದು ಕೈಯಲ್ಲಿ ತಿರುಪು ಬಿಗಿಮಾಡಲು ಆಗಲಿಲ್ಲ.

"ಚೂಡಾ, ಬಾ ಇಲ್ಲಿ" ಎಂದರು. "ಇದನ್ನ ಹಿಡ್ಕೋ."

ಕಟ್ಟೆಯ ಆ ದಿನದಿಂದೀಚೆಗೆ ನನ್ನೊಡನೆ ಆಡಿದ ಮೊದಲ ಮಾತು. ಸೆರಗಿನಲ್ಲಿ ಕೈ ಒರೆಸಿಕೊಂಡು ಹೋಗಿ ಹಿಡಿದೆ. ಸಂತೆಯಲ್ಲಿ ಕೈಹಿಡಿದು ನಡೆಸುವ ಮಗು ಮಿಠಾಯಿ ಅಂಗಡಿಯ ಕಡೆ ಜಗ್ಗುವ ಹಾಗೆ ಅದು ಅಂಗೈಯಲ್ಲಿ ಜಗ್ಗುತ್ತಿತ್ತು. ಇವರು ಬಗ್ಗಿ ತಿರುಪು ಸುತ್ತಿದರು.

"ಬಿಡ್ಲಾ?" ಎಂದೆ.

"ಬಿಡ್ಬೇಡ. ಇನ್ನೂ ಜಗ್ತಾ ಇದೆ." ಮತ್ತೊಂದು ಸುತ್ತು ಸುತ್ತಿ, ತಲೆ ಎತ್ತದೆ ಕೇಳಿದರು, "ನಾಳೆ ಮತ್ತೆ ಇಂಥದ್ದೇ ಬಂದ್ರೆ, ಬೇಡ ಅಂದ್ರೂ ಹೇಳ್ತೀಯಾ?"

ಎದುರು ಮನೆಯ ಹೊಸ ಗೋಡೆ ಅಲ್ಲಿಂದ ಕಾಣುತ್ತಿತ್ತು. ಇವರೂ ಅದನ್ನು ನೋಡಿದ್ದರು.

"ಹೇಳ್ತೀನಿ" ಎಂದೆ.

ಇವರು ತಿರುಪನ್ನು ಕೊನೆಯ ಸಲ ಬಿಗಿದರು. ಆಮೇಲೆ ಎದ್ದು ಬಂದು, ನನ್ನ ಕೈಯಿಂದ ಕೊಳವೆಯನ್ನು ತೆಗೆದುಕೊಂಡು ತಾವೇ ಗಟ್ಟಿಯಾಗಿ ಹಿಡಿದರು.

"ಸರಿ. ನಾನು ಹಿಡ್ಕೊಂಡಿರ್ತೀನಿ, ನೀನು ನೋಡು" ಎಂದರು. ನಾನು ಬಗ್ಗಿ ನೋಡಿದೆ.